ಗೋಡೆ ಚಿತ್ರದ ಫೋಟೋ: ಚಿತ್ರ ಮಾತ್ರ ಸಾಕಾ, ಸುತ್ತಲಿನ ಬೀದಿಯೂ ಬೇಕಾ?

ಬಣ್ಣದಬೀದಿ

ಎಲ್ಲರಿಗೂ ನಮಸ್ಕಾರ. ಗೋಡೆ ಮೇಲಿನ ಗ್ರಾಫಿಟಿ, ಮ್ಯೂರಲ್, ಸ್ಟೆನ್ಸಿಲ್, ಅಂಟಿಸಿದ ಪೋಸ್ಟರ್ ಕಲೆ, ಇವುಗಳ ಫೋಟೋ ತೆಗೆಯುವ ಹುಚ್ಚು ನನಗೆ. ರಜೆ ಸಿಕ್ಕರೆ ಸಾಕು, ಕ್ಯಾಮೆರಾ ಹೆಗಲಿಗೇರಿಸಿ ಹೊರಟುಬಿಡುತ್ತೇನೆ. ಕಷ್ಟ ಶುರುವಾಗುವುದು ಮನೆಗೆ ಬಂದ ಮೇಲೆ. ದೊಡ್ಡ ಸ್ಕ್ರೀನಿನಲ್ಲಿ ನೋಡಿದರೆ ಫೋಕಸ್ ಸರಿ ಇದೆ, ಬಣ್ಣ ಸರಿ ಇದೆ, ಆದರೆ ಜೀವವೇ ಇಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಅಂಡರ್‌ಪಾಸ್ ಗೋಡೆಯಲ್ಲಿ ದೊಡ್ಡದೊಂದು ಹಕ್ಕಿ. ರೆಕ್ಕೆಯ ತುದಿ ಮಳೆನೀರಿನ ಪೈಪಿನ ಮೇಲೂ ಹಾದು ಹೋಗಿದೆ. ಎದುರು ನಿಂತಾಗ ಮೈ ಜುಮ್ಮೆಂದಿತ್ತು. ಫೋಟೋದಲ್ಲಿ ಅದೇ ಹಕ್ಕಿ ಕ್ಯಾಲೆಂಡರಿನಿಂದ ಕತ್ತರಿಸಿ ತೆಗೆದ ಹಾಗಿದೆ.

ನನ್ನ ಪ್ರಶ್ನೆ ಇಷ್ಟು. ಫ್ರೇಮ್ ತುಂಬಾ ಚಿತ್ರವನ್ನೇ ತುಂಬಬೇಕಾ? ಹಿಂದೆ ಸರಿದು ರಸ್ತೆ, ಜನ, ವೈರು, ಕಂಬ ಎಲ್ಲವನ್ನೂ ಸೇರಿಸಬೇಕಾ? ಇನ್ನೊಂದು, ಗೆಳೆಯನೊಬ್ಬ ಕೇಳಿದ: “ಯಾರೋ ಬರೆದ ಚಿತ್ರ, ನೀನು ಬಟನ್ ಒತ್ತಿದೆ. ಇದರಲ್ಲಿ ನಿನ್ನದೇನಿದೆ?” ಈ ಮಾತು ತಲೆಯಲ್ಲಿ ಕೊರೆಯುತ್ತಲೇ ಇದೆ. ಬಲ್ಲವರು ಹೇಳಿ.

ಗಿರೀಶ_ವಿ

ಎರಡೂ ತೆಗೆಯಿರಿ. ಮೆಮೊರಿ ಕಾರ್ಡ್ ಇರುವುದೇ ಅದಕ್ಕೆ.

ಕಾಲುದಾರಿ

ಉತ್ತರ ನಿಮ್ಮ ಪ್ರಶ್ನೆಯಲ್ಲೇ ಇದೆಯಲ್ಲ! ರೆಕ್ಕೆ ಪೈಪಿನ ಮೇಲೆ ಹಾದು ಹೋಗಿದೆ ಎಂದಿರಿ. ನಿಮಗೆ ಮೈ ಜುಮ್ಮೆಂದಿದ್ದು ಆ ಪೈಪಿನಿಂದ. ಬರೆದವರು ಪೈಪನ್ನು ನೋಡಿ, ಲೆಕ್ಕ ಹಾಕಿ, ಬೇಕೆಂದೇ ರೆಕ್ಕೆಯನ್ನು ಅಲ್ಲಿಗೆ ಎಳೆದಿದ್ದಾರೆ. ನೇರ ಎದುರಿನಿಂದ ತೆಗೆದರೆ ಪೈಪು ಗೋಡೆಗೆ ಅಂಟಿ ಬರೀ ಒಂದು ಗೆರೆಯಾಗುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಪೈಪು ಗೋಡೆಯಿಂದ ಮುಂದೆ ಬರುತ್ತದೆ, ರೆಕ್ಕೆ ಅದರ ಮೈ ಮೇಲೆ ಬಾಗುತ್ತದೆ. ಆಗ ನೋಡುವವರಿಗೆ ಅದು ಗೋಡೆ ಎಂದು ಗೊತ್ತಾಗುತ್ತದೆ.

ಬೀದಿ ಕಲೆಯನ್ನು ಬೀದಿಯಿಂದ ಬಿಡಿಸಿ ತೆಗೆದರೆ ಏನು ಉಳಿಯುತ್ತದೆ ಹೇಳಿ? ಕಿಟಕಿ, ರೋಲಿಂಗ್ ಶಟರ್, ಕರೆಂಟ್ ಬಾಕ್ಸ್, ಉದುರಿದ ಗಾರೆ, ಫುಟ್‌ಪಾತಿನ ಅಂಚಿನ ಹುಲ್ಲು, ಇವೆಲ್ಲ ಚಿತ್ರದ ಪಾಲು. ನಾನಂತೂ ಚಿತ್ರವನ್ನು ಫ್ರೇಮಿನ ಅರ್ಧಕ್ಕಿಂತ ಜಾಸ್ತಿ ತುಂಬಲು ಬಿಡುವುದಿಲ್ಲ. ಯಾರಾದರೂ ಹಾದು ಹೋಗುವವರೆಗೆ ಕಾಯುತ್ತೇನೆ. ಇಪ್ಪತ್ತಡಿ ಮುಖದ ಕೆಳಗೆ ಒಬ್ಬರು ನಡೆದು ಹೋದರೆ ತಾನೇ ಅದು ಇಪ್ಪತ್ತಡಿ ಎಂದು ತಿಳಿಯುವುದು?

ನೇರಗೆರೆ

ಕಾಲುದಾರಿಯವರೇ, ಪೈಪಿನ ಮಾತು ಒಪ್ಪಿದೆ. ಆದರೆ ‘ಅರ್ಧಕ್ಕಿಂತ ಜಾಸ್ತಿ ತುಂಬಬಾರದು’ ಎಂಬುದನ್ನು ನಿಯಮ ಮಾಡಬೇಡಿ. ಗೋಡೆ ಚಿತ್ರದ ಆಯಸ್ಸು ಎಷ್ಟು ಹೇಳಿ? ಕೆಲವು ವರ್ಷ. ಕೆಲವೊಮ್ಮೆ ಒಂದೇ ರಾತ್ರಿ. ಅಳಿಸಿದ ಮೇಲೆ ಉಳಿಯುವುದು ಫೋಟೋ ಮಾತ್ರ. ಆಗ ನಿಮ್ಮ ಹಾದು ಹೋಗುವ ಮನುಷ್ಯ ಚಿತ್ರದ ಮುಖ್ಯ ಭಾಗಕ್ಕೇ ಅಡ್ಡ ನಿಂತಿದ್ದರೆ ಏನು ಮಾಡುವುದು?

ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಫೈವ್ ಪಾಯಿಂಟ್ಸ್ ಎಂಬ ಹಳೆಯ ಕಾರ್ಖಾನೆ ಕಟ್ಟಡ ಇತ್ತು. ಮಾಲೀಕರ ಒಪ್ಪಿಗೆಯಿಂದಲೇ ಗೋಡೆ ತುಂಬಾ ಗ್ರಾಫಿಟಿ. 2013ರ ನವೆಂಬರಿನಲ್ಲಿ ಅದೇ ಮಾಲೀಕರು ರಾತ್ರೋರಾತ್ರಿ ಬಿಳಿ ಬಣ್ಣ ಬಳಿಸಿದರು. 2014ರಲ್ಲಿ ಕಟ್ಟಡವನ್ನೂ ಕೆಡವಿದರು. ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 21 ಕಲಾವಿದರಿಗೆ 67.5 ಲಕ್ಷ ಡಾಲರ್ ಪರಿಹಾರ ಕೊಡಬೇಕು ಎಂದು ತೀರ್ಪು ಬಂತು. ವಿಚಾರಣೆ ನಡೆಯುವ ಹೊತ್ತಿಗೆ ಗೋಡೆಯೇ ಇರಲಿಲ್ಲ. 45 ಚಿತ್ರಗಳ ಬೆಲೆ ತೂಗಲು ಇದ್ದದ್ದು ಫೋಟೋಗಳು. ನಿಮ್ಮ ಗೆಳೆಯನಿಗೆ ಇದನ್ನು ಹೇಳಿ, ಬಣ್ಣದಬೀದಿ.

ನಾನು ಮಾಡುವುದು ಹೀಗೆ. ಮೊದಲು ದಾಖಲೆಯ ಫೋಟೋ. ಗೋಡೆಯ ನಡುಮಧ್ಯದ ಎದುರು ನಿಲ್ಲುವುದು, ಕ್ಯಾಮೆರಾ ಗೋಡೆಗೆ ಸಮಾನಾಂತರ, ನಾಲ್ಕು ಮೂಲೆಯೂ ಫ್ರೇಮಿನೊಳಗೆ, ಅಂಚಿನಲ್ಲಿ ಒಂದಿಷ್ಟು ಜಾಗ. ಲೆನ್ಸಿನ ಕಿಂಡಿ (ಅಪರ್ಚರ್) ಎಫ್/8 ಇದ್ದರೆ ಮೂಲೆಗಳೂ ಚೂಪಾಗಿ ಬರುತ್ತವೆ. ಕಲಾವಿದರ ಸಹಿ ಖಂಡಿತ ಇರಬೇಕು. ಇದಾದ ಮೇಲೆ ಪಕ್ಕಕ್ಕೆ, ಹಿಂದಕ್ಕೆ, ಕೆಳಕ್ಕೆ, ಎಲ್ಲಿ ಬೇಕಾದರೂ ಹೋಗಿ.

ಕಾಲುದಾರಿ

ದಾಖಲೆ ಬೇಡ ಎಂದು ನಾನೆಲ್ಲಿ ಹೇಳಿದೆ? ಅವರು ಕೇಳಿದ್ದು ಜೀವ ಯಾಕಿಲ್ಲ ಅಂತ. ನಾಲ್ಕು ಮೂಲೆ ಅಳತೆ ಮಾಡಿ ತೆಗೆದ ಫೋಟೋದಲ್ಲಿ ಜೀವ ಬರುವುದಿಲ್ಲ ಎಂದೆ, ಅಷ್ಟೇ.

ಹಳೆನೆಗೆಟಿವ್

ಈ ಜಗಳ ನಿಮ್ಮಿಬ್ಬರದೇ ಅಲ್ಲ. ನ್ಯೂಯಾರ್ಕಿನ ಸಬ್‌ವೇ ರೈಲುಗಳ ಮೈ ತುಂಬಾ ಗ್ರಾಫಿಟಿ ಇದ್ದ ಕಾಲದಲ್ಲೇ ಎರಡೂ ದಾರಿ ತುಳಿದವರಿದ್ದರು.

ಹೆನ್ರಿ ಚಾಲ್ಫಂಟ್ ಶಿಲ್ಪಿಯಾಗಿದ್ದವರು. ಎದುರಿನ ಪ್ಲಾಟ್‌ಫಾರ್ಮಿನಲ್ಲಿ ನಿಂತು, ರೈಲು ನಿಂತ ಆ ಸ್ವಲ್ಪ ಹೊತ್ತಿನಲ್ಲಿ ಪ್ಲಾಟ್‌ಫಾರ್ಮಿನ ಉದ್ದಕ್ಕೂ ಸರಿಯುತ್ತಾ ಒಂದರ ಮೇಲೊಂದು ಸೇರುವಂತೆ ಫೋಟೋ ತೆಗೆಯುತ್ತಿದ್ದರು. ಆಮೇಲೆ ಪ್ರಿಂಟುಗಳನ್ನು ಕತ್ತರಿಸಿ ಜೋಡಿಸಿದರೆ ಇಡೀ ಬೋಗಿ ಸಿಗುತ್ತಿತ್ತು. ಒಂದು ಅಕ್ಷರವೂ ವಕ್ರವಾಗದೆ! ಕಂಪ್ಯೂಟರ್ ಇಲ್ಲದ ಕಾಲದ ಪನೋರಮಾ ಅದು.

ಮಾರ್ತಾ ಕೂಪರ್ ಪತ್ರಿಕಾ ಛಾಯಾಗ್ರಾಹಕಿ. ಅವರು ಹೋದದ್ದು ಇನ್ನೊಂದು ದಾರಿಯಲ್ಲಿ. ರೈಲು ಸುರಂಗದಿಂದ ಹೊರಬಂದು ಎತ್ತರದ ಹಳಿ ಮೇಲೆ ಓಡುವ ಕಡೆ, ಬ್ರಾಂಕ್ಸ್‌ನಲ್ಲಿ, ಬಿಸಿಲು ಸರಿಯಾಗಿ ಬೀಳುವ ಜಾಗ ಹುಡುಕಿ ಗಂಟೆಗಟ್ಟಲೆ ಕಾಯುತ್ತಿದ್ದರು. ಅವರ ಫೋಟೋದಲ್ಲಿ ಬೋಗಿ ಚಿಕ್ಕದು, ಸುತ್ತಲೂ ನಗರ. ಡಾಂಡಿ ಎಂಬ ಕಲಾವಿದನ ಜೊತೆ ರೈಲು ಯಾರ್ಡಿಗೂ ಹೋಗಿ, ಅವನು ರಾತ್ರಿ ಚಿತ್ರ ಬರೆಯುವುದನ್ನೂ ಸೆರೆಹಿಡಿದರು.

1984ರಲ್ಲಿ ಇಬ್ಬರ ಫೋಟೋಗಳೂ ಸೇರಿ ಒಂದೇ ಪುಸ್ತಕವಾಯಿತು. 1989ರ ಮೇ ತಿಂಗಳಲ್ಲಿ ಸಬ್‌ವೇಯವರು ಚಿತ್ರ ಇದ್ದ ಕೊನೆಯ ಬೋಗಿಯನ್ನೂ ಓಡಾಟದಿಂದ ತೆಗೆದರು. ಇವತ್ತು ಚಾಲ್ಫಂಟ್ ಫೋಟೋ ನೋಡಿದರೆ ಅಕ್ಷರ ಹೇಗಿತ್ತು ಎಂದು ತಿಳಿಯುತ್ತದೆ. ಕೂಪರ್ ಫೋಟೋ ನೋಡಿದರೆ ಆ ರೈಲು ಮನೆಗಳ ನಡುವೆ ಬರುವಾಗ ಹೇಗಿರುತ್ತಿತ್ತು ಎಂದು ತಿಳಿಯುತ್ತದೆ. ಒಂದು ಮೇಲು ಇನ್ನೊಂದು ಕೀಳು ಎಂದು ನಾನು ಹೇಳಲಾರೆ.

ಸುಮಾ_ಎಚ್

ಎಷ್ಟು ಚೆನ್ನಾಗಿ ಬರೆದಿರಿ ಸರ್. ಪ್ರಿಂಟು ಕತ್ತರಿಸಿ ಜೋಡಿಸುತ್ತಿದ್ದ ವಿಷಯ ನನಗೆ ಗೊತ್ತೇ ಇರಲಿಲ್ಲ.

ಡಬ್ಬಿಸದ್ದು

ನಾನು ಗೋಡೆಗೆ ಬಣ್ಣ ಹಾಕುವವಳು, ಫೋಟೋಗ್ರಾಫರ್ ಅಲ್ಲ. ನಮ್ಮ ಕಡೆಯಿಂದ ನಾಲ್ಕು ಮಾತು ಹೇಳುತ್ತೇನೆ.

ಗೋಡೆ ಸಿಕ್ಕ ತಕ್ಷಣ ನಾವು ಸ್ಪ್ರೇ ಡಬ್ಬಿ ಅಲುಗಾಡಿಸುವುದಿಲ್ಲ. ಜನ ಯಾವ ಕಡೆಯಿಂದ ಬರುತ್ತಾರೆ, ಎಷ್ಟು ದೂರದಿಂದ ಮೊದಲು ಕಾಣುತ್ತದೆ, ಮರ ಎಲ್ಲಿ ಮರೆ ಮಾಡುತ್ತದೆ, ಇದೆಲ್ಲ ನೋಡುತ್ತೇವೆ. ಮೂರು ಮಹಡಿಯ ಮುಖ ಬರೆದರೆ ಅದನ್ನು ರಸ್ತೆಯ ಆ ತುದಿಯಿಂದ ನೋಡಲಿ ಎಂದೇ ಬರೆದಿರುತ್ತೇವೆ. ನೀವು ಗೋಡೆ ಬುಡಕ್ಕೆ ಬಂದು ವೈಡ್ ಆಂಗಲ್‌ನಲ್ಲಿ ತೆಗೆದರೆ ಗದ್ದ ದೊಡ್ಡದು, ಹಣೆ ಚಿಕ್ಕದು. ನಾನು ಬರೆದ ಮುಖ ಅದಲ್ಲ! ಆದ್ದರಿಂದ ಕ್ಯಾಮೆರಾ ತೆಗೆಯುವ ಮೊದಲು ಸುಮ್ನೆ ಆಚೆ ಈಚೆ ನಡೆಯಿರಿ. ಚಿತ್ರ ಯಾವ ಜಾಗದಿಂದ ಕೂಡಿಕೊಳ್ಳುತ್ತದೆ ಎಂದು ಕಾಲಿಗೇ ಗೊತ್ತಾಗುತ್ತದೆ. ಫೆಲಿಚೆ ವಾರಿನಿ ಎಂಬ ಕಲಾವಿದರ ಕೆಲಸ ನೋಡಿ. ಮನೆ, ಗೋಡೆ, ಮಾಡು ಎಲ್ಲದರ ಮೇಲೂ ತುಂಡು ತುಂಡಾಗಿ ಬಣ್ಣ. ಒಂದೇ ಒಂದು ಜಾಗದಲ್ಲಿ ನಿಂತಾಗ ಮಾತ್ರ ಅದು ಪೂರ್ತಿ ವೃತ್ತವಾಗುತ್ತದೆ. ಆ ಜಾಗದಿಂದ ಒಂದು ಫೋಟೋ, ಅಲ್ಲಿಂದ ಸರಿದು ಇನ್ನೊಂದು. ಎರಡೂ ಇಲ್ಲದಿದ್ದರೆ ಆ ಕೆಲಸ ಏನೆಂದು ಯಾರಿಗೂ ತಿಳಿಯುವುದಿಲ್ಲ.

ಹತ್ತಿರದ್ದೂ ಬೇಕು. ಸ್ಪ್ರೇ ಗೆರೆಯ ಅಂಚಿನಲ್ಲಿ ಒಂದು ಮಬ್ಬು ಇರುತ್ತದೆ. ಡಬ್ಬಿಯ ತುದಿಯ ಕ್ಯಾಪ್ ಬದಲಿಸಿದಾಗ ಗೆರೆಯ ದಪ್ಪ ಬದಲಾಗಿರುತ್ತದೆ. ಕೈ ಒಂದು ಕ್ಷಣ ತಡೆದ ಕಡೆ ಬಣ್ಣ ಇಳಿದಿರುತ್ತದೆ. ಕೆಲವು ಮ್ಯೂರಲ್‌ಗಳಲ್ಲಿ ಬಣ್ಣದ ಸಂದಿಯಲ್ಲಿ ಅರ್ಥವಿಲ್ಲದ ಗೀಚು, ಅಕ್ಷರ, ಅಡ್ಡಗೆರೆ ಕಾಣುತ್ತವೆ. ಅದು ಡೂಡಲ್ ಗ್ರಿಡ್. ಮೊದಲು ಗೋಡೆ ತುಂಬಾ ಗೀಚಿ, ಅದರ ಫೋಟೋ ತೆಗೆದು, ಅದರ ಮೇಲೆ ನಮ್ಮ ಸ್ಕೆಚ್ ಕೂರಿಸಿ ಅಳತೆ ಹಿಡಿಯುತ್ತೇವೆ. ಯಾವ ಗೀಚಿನ ಪಕ್ಕ ಕಣ್ಣು ಬರಬೇಕು ಎಂದು ಫೋನ್ ನೋಡಿ ಬರೆಯುವುದು. ಅದು ಉಳಿದಿರುವುದು ಕಂಡರೆ ದಯವಿಟ್ಟು ತೆಗೆಯಿರಿ. ನಮ್ಮ ಕೈ ಕೆಲಸ ಕಾಣುವುದು ಅಲ್ಲಿ.

ನೇರಗೆರೆ

ಡೂಡಲ್ ಗ್ರಿಡ್ ಮಾತು ಬಂಗಾರದಂಥದ್ದು ಮೇಡಂ, ತುಂಬಾ ಧನ್ಯವಾದ. ಎತ್ತರದ ಮ್ಯೂರಲ್‌ಗೆ ಸೇರಿಸುವುದಾದರೆ: ಎದುರು ಕಟ್ಟಡದ ಎರಡನೇ ಮೂರನೇ ಮಹಡಿಗೆ ಹೋಗಲು ಒಪ್ಪಿಗೆ ಸಿಕ್ಕರೆ ಕೇಳಿ. ಚಿತ್ರದ ಅರ್ಧ ಎತ್ತರಕ್ಕೆ ನೀವು ಬಂದರೆ ಮೇಲೆ ಕಿರಿದಾಗುವ ತೊಂದರೆ ಇಲ್ಲ. ಆಗದಿದ್ದರೆ ದೂರ ಹೋಗಿ, ದೂರದ್ದನ್ನು ಹತ್ತಿರ ತರುವ 85 ಮಿ.ಮೀ. ಲೆನ್ಸ್ ಹಾಕಿ. ಸಾಫ್ಟ್‌ವೇರಿನಲ್ಲಿ ನೆಟ್ಟಗೆ ಮಾಡುವುದು ಕೊನೆಯ ದಾರಿ. ಅದು ಮೇಲ್ಭಾಗವನ್ನು ಹಿಗ್ಗಿಸುತ್ತದೆ, ವಿವರ ಹೋಗುತ್ತದೆ, ಪಕ್ಕದ ಅಂಚೂ ಕತ್ತರಿಸಿ ಹೋಗುತ್ತದೆ.

ಮೊಬೈಲ್‌ಮಾತ್ರ

ನನ್ನ ಹತ್ತಿರ ಫೋನ್ ಮಾತ್ರ ಇದೆ. ಇದೆಲ್ಲ ನನಗೆ ಅನ್ವಯಿಸುತ್ತದಾ?

ನೇರಗೆರೆ

ಖಂಡಿತ. ಫೋನಿನ ಮುಖ್ಯ ಕ್ಯಾಮೆರಾ ಸುಮಾರು 24-26 ಮಿ.ಮೀ. ಲೆನ್ಸಿಗೆ ಸಮ, ಅಂದರೆ ವೈಡ್. ಜಾಗ ಇದ್ದರೆ ಹಿಂದೆ ಹೋಗಿ 2ಎಕ್ಸ್ ಜೂಮ್ ಬಳಸಿ. ಗ್ರಿಡ್ ಗೆರೆ ಆನ್ ಮಾಡಿ, ಇಟ್ಟಿಗೆ ಸಾಲಿಗೆ ಹೊಂದಿಸಿ. ಇಟ್ಟಿಗೆ ನೆಟ್ಟಗಿದ್ದರೆ ಚಿತ್ರವೂ ನೆಟ್ಟಗಿರುತ್ತದೆ. ಇನ್ನೂ ವೈಡ್ ಆದ 0.5ಎಕ್ಸ್ ಮುಟ್ಟಬೇಡಿ.

ಕಾಲುದಾರಿ

ಇಕ್ಕಟ್ಟಾದ ಗಲ್ಲಿಯಲ್ಲಿ ಹಿಂದೆ ಹೋಗಲು ಜಾಗ ಎಲ್ಲಿರುತ್ತದೆ? ಅಲ್ಲಿ 0.5ಎಕ್ಸ್ ಬೇಕೇ ಬೇಕು. ಗಲ್ಲಿಯ ಎರಡೂ ಗೋಡೆ, ಮೇಲೆ ಒಂದು ಪಟ್ಟಿ ಆಕಾಶ ಸಿಗುತ್ತದೆ. ಇಕ್ಕಟ್ಟು ಫೋಟೋದಲ್ಲಿ ಕಾಣಲಿ ಬಿಡಿ, ಅದು ಆ ಜಾಗದ ಗುಣ.

ಗಿರೀಶ_ವಿ

ಬೆಳಕಿನ ಬಗ್ಗೆ ಯಾರೂ ಹೇಳಲಿಲ್ಲ. ಮೋಡ ಇರುವ ದಿನ ಹೋಗಿ. ಮುಗೀತು.

ಡಬ್ಬಿಸದ್ದು

ಮುಗಿಯಲಿಲ್ಲ ಗಿರೀಶ್. ಸಮತಟ್ಟಾದ ಗೋಡೆಗೆ ಮೋಡದ ಬೆಳಕು ಸರಿ. ಮರದ ನೆರಳು, ವೈರಿನ ನೆರಳು ಚಿತ್ರದ ಮೇಲೆ ಬೀಳುವುದಿಲ್ಲ, ಬಣ್ಣ ಒಂದೇ ಸಮ ಬರುತ್ತದೆ. ಆದರೆ ಪೋರ್ಚುಗಲ್ಲಿನ ವಿಲ್ಸ್ ಎಂಬ ಕಲಾವಿದರ ಕೆಲಸ ನೋಡಿದ್ದೀರಾ? ಅವರು ಬಣ್ಣ ಬಳಿಯುವುದಕ್ಕಿಂತ ಗೋಡೆಯ ಗಾರೆಯನ್ನೇ ಕೆತ್ತಿ ಮುಖ ತೆಗೆಯುತ್ತಾರೆ. ಮೋಡದ ದಿನ ಆ ಕೆತ್ತನೆಯ ಆಳವೆಲ್ಲ ಚಪ್ಪಟೆಯಾಗುತ್ತದೆ. ಅಂಥದ್ದಕ್ಕೆ ಗೋಡೆಯನ್ನು ಸವರಿಕೊಂಡು ಹೋಗುವ ಓರೆ ಬಿಸಿಲು ಬೇಕು. ಒರಟು ಇಟ್ಟಿಗೆ ಮೇಲಿನ ಹಳೆಯ ಟ್ಯಾಗ್ (ಬರೆದವರು ಗೀಚಿದ ತಮ್ಮ ಹೆಸರು), ಪದರ ಪದರ ಎದ್ದ ಪೋಸ್ಟರ್, ಇವಕ್ಕೂ ಅಷ್ಟೇ.

ಗಿರೀಶ_ವಿ

ಸರಿ, ಒಪ್ಪಿದೆ. ಹೊಳೆಯುವ ಬಣ್ಣಕ್ಕೆ ಪೋಲರೈಸರ್ (ಹೊಳಪು ಕಮ್ಮಿ ಮಾಡುವ ಫಿಲ್ಟರ್) ಹಾಕಿದರೆ ಸಾಕಲ್ವಾ?

ಹಳೆನೆಗೆಟಿವ್

ಪೋಲರೈಸರ್ ಕೆಲಸ ಮಾಡುವುದು ಓರೆಯಿಂದ ನೋಡಿದಾಗ. ಬಣ್ಣ, ಗಾಜಿನಂಥ ಮೇಲ್ಮೈಗೆ ಲಂಬದಿಂದ ಸುಮಾರು 55 ಡಿಗ್ರಿ ಓರೆಯಲ್ಲಿ ಅದರ ಪ್ರಭಾವ ಅತಿ ಹೆಚ್ಚು. ನೇರ ಎದುರು ನಿಂತರೆ ಹೆಚ್ಚೇನೂ ಆಗುವುದಿಲ್ಲ, ಬೆಳಕು ಮಾತ್ರ ಕಮ್ಮಿಯಾಗುತ್ತದೆ. ಬೆಳ್ಳಿಯಂತೆ ಹೊಳೆಯುವ ಕ್ರೋಮ್ ಸ್ಪ್ರೇಯಲ್ಲಿ ಲೋಹದ ಪುಡಿ ಇರುವುದರಿಂದ ಅಲ್ಲೂ ಅದನ್ನು ನಂಬಬೇಡಿ. ಕ್ರೋಮ್ ಇದ್ದರೆ ಒಂದು ಹೆಜ್ಜೆ ಆಚೀಚೆ ಸರಿದು ಹೊಳಪು ಎಲ್ಲಿ ಬೀಳುತ್ತದೆ ನೋಡುವುದೇ ಸುಲಭ.

ಇನ್ನೊಂದು, ಬಿಳಿ ಅಥವಾ ಕ್ರೋಮ್ ಜಾಸ್ತಿ ಇರುವ ಗೋಡೆಯಲ್ಲಿ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಮೋಸ ಹೋಗುತ್ತದೆ, ಬಿಳಿ ಬೂದು ಬಣ್ಣವಾಗುತ್ತದೆ. ಎಕ್ಸ್‌ಪೋಷರ್ ಮುಕ್ಕಾಲು ಸ್ಟಾಪಿನಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಮೇಲೆ ಇಡಿ.

ಬಣ್ಣದಬೀದಿ

ಇಷ್ಟೆಲ್ಲ ಉತ್ತರ ನಿರೀಕ್ಷಿಸಿರಲಿಲ್ಲ, ಎಲ್ಲರಿಗೂ ಧನ್ಯವಾದ! ಫ್ಲೂರೊಸೆಂಟ್ ಗುಲಾಬಿ, ಕಿತ್ತಳೆ ಬಣ್ಣಗಳು ಫೋಟೋದಲ್ಲಿ ಒಂದೇ ಮುದ್ದೆಯಾಗುತ್ತವೆ. ಒಳಗಿನ ಗೆರೆಗಳು ಕಾಣುವುದಿಲ್ಲ. ಯಾಕೆ?

ನೇರಗೆರೆ

ಆ ಬಣ್ಣಗಳು ಕಣ್ಣಿಗೆ ಕಾಣದ ಬೆಳಕನ್ನೂ ಹೀರಿಕೊಂಡು ಕಾಣುವ ಬೆಳಕಾಗಿ ಹೊರಬಿಡುತ್ತವೆ. ಅದಕ್ಕೇ ಅಷ್ಟು ಉರಿಯುವುದು. ಕ್ಯಾಮೆರಾದ ಕೆಂಪು ಚಾನೆಲ್ ಉಳಿದವಕ್ಕಿಂತ ಮೊದಲೇ ತುಂಬಿ ಹರಿಯುತ್ತದೆ. ಬಿಳಿ ಹಿಸ್ಟೋಗ್ರಾಮ್ (ಕ್ಯಾಮೆರಾ ತೋರಿಸುವ ಬೆಳಕಿನ ಗ್ರಾಫ್) ನೋಡಿದರೆ ಎಲ್ಲ ಸರಿ ಇದೆ ಎಂದೇ ಹೇಳುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಮ್ ಹಾಕಿ ನೋಡಿ. ಕೆಂಪು ಬಲಗೋಡೆಗೆ ಬಡಿದಿದ್ದರೆ ಎಕ್ಸ್‌ಪೋಷರ್ ಇಳಿಸಿ, ಕ್ಯಾಮೆರಾ ಹಿಡಿದದ್ದನ್ನೆಲ್ಲ ಉಳಿಸುವ ರಾ ಫೈಲ್‌ನಲ್ಲಿ ತೆಗೆಯಿರಿ. ಸ್ಯಾಚುರೇಷನ್ ಏರಿಸಲೇಬೇಡಿ. ಸಾಮಾನ್ಯ ಸ್ಕ್ರೀನುಗಳ ಬಣ್ಣದ ಅಳತೆಯಾದ ಎಸ್‌ಆರ್‌ಜಿಬಿಯಲ್ಲಿ ಆ ಬಣ್ಣ ಪೂರ್ತಿ ಹಿಡಿಸುವುದಿಲ್ಲ. ಅಲ್ಲಿ ಬಣ್ಣದ ಉರಿ ಸ್ವಲ್ಪ ಬಿಟ್ಟುಕೊಟ್ಟು ಒಳಗಿನ ಗೆರೆ ಉಳಿಸಿಕೊಳ್ಳಬೇಕು.

ಡಬ್ಬಿಸದ್ದು

ಫ್ಲೂರೊಸೆಂಟ್ ಬಣ್ಣ ಬಿಸಿಲಿಗೆ ಬೇಗ ಸತ್ತುಹೋಗುತ್ತದೆ. ಬರೆದ ಹೊಸತರಲ್ಲೇ ತೆಗೆಯಿರಿ.

ರಾತ್ರಿಗೂಬೆ

ನಾನು ರಾತ್ರಿ ತೆಗೆಯುವವನು. ಅಂಗಡಿ ಮುಚ್ಚಿದ ಮೇಲೆ ಶಟರ್ ಮೇಲಿನ ಚಿತ್ರಗಳು ಹೊರಬರುತ್ತವೆ. ಹಗಲು ಹೋದವರಿಗೆ ಅವು ಕಾಣುವುದೇ ಇಲ್ಲ! ಟ್ರೈಪಾಡ್, ಐಎಸ್ಒ 100, ಕೆಲವು ಸೆಕೆಂಡ್ ಎಕ್ಸ್‌ಪೋಷರ್. ಒಂದು ಎಚ್ಚರಿಕೆ. ಹಳೆಯ ಹಳದಿ ಸೋಡಿಯಂ ದೀಪ ಇದ್ದರೆ ಬಣ್ಣದ ಆಸೆ ಬಿಡಿ. ಕಡಿಮೆ ಒತ್ತಡದ ಸೋಡಿಯಂ ದೀಪ ಕೊಡುವುದು 589 ನ್ಯಾನೊಮೀಟರ್ ಸುತ್ತಲಿನ ಹಳದಿ ಒಂದನ್ನೇ. ಇಲ್ಲದ ನೀಲಿಯನ್ನು ಯಾವ ವೈಟ್ ಬ್ಯಾಲೆನ್ಸೂ ತಂದುಕೊಡುವುದಿಲ್ಲ. ಅಂಥ ಕಡೆ ಕಪ್ಪು ಬಿಳುಪು ಮಾಡಿ. ಎಲ್‌ಇಡಿ ಬಂದ ಬೀದಿಯಲ್ಲಿ ತೊಂದರೆ ಇಲ್ಲ.

ಒಬ್ಬರೇ ಹೋಗಬೇಡಿ. ಕ್ಯಾಮೆರಾಕ್ಕೆ ಕಣ್ಣಿಟ್ಟಾಗ ಬೆನ್ನ ಹಿಂದೆ ಏನಾಗುತ್ತಿದೆ ಗೊತ್ತಾಗುವುದಿಲ್ಲ.

ಗೇಟಿನಮನೆ

ಎಲ್ಲರೂ ಹೊಗಳುತ್ತಿದ್ದೀರಿ, ನಾನೊಂದು ಬೇರೆ ಮಾತು ಹೇಳುತ್ತೇನೆ. ನಮ್ಮ ಕಾಂಪೌಂಡ್ ಗೋಡೆಗೆ ಸುಣ್ಣ ಬಣ್ಣ ಮಾಡಿಸಿ ವಾರ ಕಳೆದಿರಲಿಲ್ಲ, ಯಾರೋ ಕಪ್ಪು ಬಣ್ಣದಲ್ಲಿ ತಮ್ಮ ಹೆಸರು ಗೀಚಿ ಹೋದರು. ಅದನ್ನೂ ಒಬ್ಬರು ಬಂದು ಫೋಟೋ ತೆಗೆದರು! ಮ್ಯೂರಲ್ ಬೇರೆ, ಗೀಚುವುದು ಬೇರೆ. ನೀವು ಫೋಟೋ ತೆಗೆದು ಹಂಚಿದಷ್ಟೂ ಗೀಚುವವರಿಗೆ ಹುಮ್ಮಸ್ಸು ಬರುತ್ತದೆ.

ರಾತ್ರಿಗೂಬೆ

ಫೋಟೋ ತೆಗೆಯದಿದ್ದರೆ ಟ್ಯಾಗ್ ನಿಲ್ಲುತ್ತದಾ? ಕ್ಯಾಮೆರಾ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಜನ ಗೋಡೆ ಮೇಲೆ ಹೆಸರು ಗೀಚಿದ್ದಾರೆ. ಇಟಲಿಯ ಪುರಾತನ ಪಾಂಪೇ ಊರಿನ ಗೋಡೆಗಳಲ್ಲಿ ಇವತ್ತಿಗೂ ಇವೆ.

ಡಬ್ಬಿಸದ್ದು

ಗೇಟಿನಮನೆಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಇನ್ನೊಬ್ಬರ ಮನೆ ಗೋಡೆ ಮುಟ್ಟುವುದನ್ನು ನಾನು ಒಪ್ಪುವುದಿಲ್ಲ. ಆದರೆ ಟ್ಯಾಗ್ ಎಂದರೆ ಬರೀ ಗೀಚು ಎಂದು ತಳ್ಳಿಹಾಕಬೇಡಿ. ಟ್ಯಾಗ್, ಥ್ರೋ-ಅಪ್ (ಬೇಗ ಬರೆದ ಉಬ್ಬಿದ ಅಕ್ಷರ), ಪೀಸ್ (ಹಲವು ಬಣ್ಣದ ದೊಡ್ಡ ಚಿತ್ರ), ಇವು ಒಂದರಿಂದ ಒಂದು ಬೆಳೆದವು. ಒಳ್ಳೆಯ ಟ್ಯಾಗ್ ನಿಲ್ಲಿಸದೆ ಒಂದೇ ಬೀಸಿನಲ್ಲಿ ಬಂದಿರುತ್ತದೆ. ಅದನ್ನು ಸರಿಯಾಗಿ ಕಲಿಯಲು ವರ್ಷಗಟ್ಟಲೆ ಬೇಕು.

ಹಳೆನೆಗೆಟಿವ್

ಗೀಚಿನ ಬಗ್ಗೆ ಮಾತು ಬಂತಲ್ಲ, ಛಾಯಾಗ್ರಾಹಕ ಬ್ರಸ್ಸಾಯಿಯನ್ನು ನೆನೆಯಲೇಬೇಕು. 1930ರ ದಶಕದಿಂದ ಪ್ಯಾರಿಸ್ಸಿನ ಗೋಡೆಗಳಲ್ಲಿ ಮೊಳೆ, ಚಾಕುವಿನಿಂದ ಕೊರೆದ ಮುಖ, ಹೃದಯ, ಹೆಸರುಗಳನ್ನು ಹುಡುಕಿ ಹುಡುಕಿ ತೆಗೆದರು. ಯಾರೂ ಅದನ್ನು ಕಲೆ ಎನ್ನುತ್ತಿರಲಿಲ್ಲ. ಪುಟ್ಟ ಪುಸ್ತಕದಲ್ಲಿ ಜಾಗ ಬರೆದಿಟ್ಟುಕೊಂಡು, ವರ್ಷಗಳ ನಂತರ ಅದೇ ಗೋಡೆಗೆ ಮತ್ತೆ ಹೋಗುತ್ತಿದ್ದರು. ಕೊರೆದ ಗೆರೆ ಮಳೆಗೆ ಹೇಗೆ ಅಗಲವಾಗಿದೆ, ಅದರ ಮೇಲೆ ಯಾರು ಏನು ಸೇರಿಸಿದ್ದಾರೆ ಎಂದು ಮತ್ತೆ ಫೋಟೋ. 1956ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಆ ಫೋಟೋಗಳ ಪ್ರದರ್ಶನ ಮಾಡಿತು.

ಬಣ್ಣದಬೀದಿಯವರೇ, ‘ನಿನ್ನದೇನಿದೆ’ ಎಂದವರಿಗೆ ನನ್ನ ಉತ್ತರ ಇದು. ಯಾವ ಗೋಡೆ ಎಂದು ಆರಿಸಿದ್ದು ನೀವು, ಯಾವ ಬೆಳಕಿನಲ್ಲಿ ಎಂದು ಆರಿಸಿದ್ದು ನೀವು, ಮತ್ತೆ ಹೋಗಿದ್ದೂ ನೀವು. ಒಂದು ಗೋಡೆ ಹಿಡಿದುಕೊಳ್ಳಿ. ಪ್ರತಿ ಬಾರಿ ಅದೇ ಜಾಗ, ಅದೇ ಲೆನ್ಸ್. ಚಿತ್ರ ಬಂತು, ಮಾಸಿತು, ಯಾರೋ ಮೇಲೆ ಬರೆದರು, ಬೂದು ಬಣ್ಣ ಬಳಿದರು, ಮತ್ತೆ ಚಿತ್ರ ಬಂತು. ಆ ಸಾಲು ನಿಮ್ಮದೇ ಕೆಲಸ, ಇನ್ನೊಬ್ಬರ ಬಳಿ ಇರುವುದಿಲ್ಲ.

ಕಾಲುದಾರಿ

ಬೂದು ಬಣ್ಣ ಬಳಿದ ಚೌಕಗಳ ಫೋಟೋ ನಾನೂ ತೆಗೆಯುತ್ತೇನೆ. ಅಳಿಸುವವರಿಗೆ ಗೋಡೆಯ ಬಣ್ಣ ಸರಿಯಾಗಿ ಹೊಂದುವುದೇ ಇಲ್ಲ. ಒಂದೇ ಗೋಡೆಯಲ್ಲಿ ಐದಾರು ಬಗೆಯ ಬೂದು ಕಾಣುತ್ತವೆ.

ಹಳೆನೆಗೆಟಿವ್ ಸರ್, ಫೋಟೋ ಗೋಡೆಯಾಗಿ ಮತ್ತೆ ಫೋಟೋ ಆದ ಕಥೆ ನನಗೆ ತುಂಬಾ ಇಷ್ಟ. 1979ರಲ್ಲಿ ಸೋವಿಯತ್ ನಾಯಕ ಬ್ರೆಜ್ನೆವ್ ಮತ್ತು ಪೂರ್ವ ಜರ್ಮನಿಯ ನಾಯಕ ಹೊನೆಕರ್ ಮುತ್ತು ಕೊಡುತ್ತಿರುವ ಫೋಟೋವನ್ನು ರೆಜಿಸ್ ಬೊಸ್ಸು ತೆಗೆದರು. 1990ರಲ್ಲಿ ಡಿಮಿಟ್ರಿ ವ್ರೂಬೆಲ್ ಅದನ್ನೇ ಬರ್ಲಿನ್ ಗೋಡೆಯ ಉಳಿದ ಭಾಗದ ಮೇಲೆ ಬರೆದರು. ಈಸ್ಟ್ ಸೈಡ್ ಗ್ಯಾಲರಿ, ಸುಮಾರು 1.3 ಕಿ.ಮೀ. ಉದ್ದ. ಚಿತ್ರ ಹಾಳಾಗಿ 2009ರಲ್ಲಿ ಅವರೇ ಮತ್ತೆ ಬರೆದರು. ಈಗ ಅಲ್ಲಿಗೆ ಹೋದವರೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ.

ಮೊಬೈಲ್‌ಮಾತ್ರ

1.3 ಕಿ.ಮೀ. ಗೋಡೆನಾ! ಅಷ್ಟಲ್ಲದಿದ್ದರೂ ಉದ್ದ ಗೋಡೆಗೆ ಪನೋರಮಾ ಹಾಕಿದರೆ ನಡುವೆ ಉಬ್ಬಿಕೊಳ್ಳುತ್ತದೆ. ಏನು ಮಾಡುವುದು?

ನೇರಗೆರೆ

ನಿಂತಲ್ಲೇ ತಿರುಗಿ ತೆಗೆದರೆ ನಡುಭಾಗ ಹತ್ತಿರ, ತುದಿಗಳು ದೂರ. ಅದಕ್ಕೇ ಉಬ್ಬು. ಚಾಲ್ಫಂಟ್ ಮಾಡಿದ ಹಾಗೆ ಮಾಡಿ. ಗೋಡೆಯಿಂದ ಒಂದೇ ದೂರ ಇಟ್ಟುಕೊಂಡು ಪಕ್ಕಕ್ಕೆ ನಡೆಯುತ್ತಾ ತೆಗೆಯಿರಿ. ಪ್ರತಿ ಫೋಟೋ ಹಿಂದಿನದರ ಮೂರನೇ ಒಂದು ಭಾಗವನ್ನಾದರೂ ಒಳಗೊಂಡಿರಲಿ. ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್, ಫೋಕಸ್ ಲಾಕ್ ಮಾಡಿ. ಗೋಡೆ ಸಮತಟ್ಟಾಗಿದ್ದರೆ ಸಾಫ್ಟ್‌ವೇರ್ ಸಲೀಸಾಗಿ ಹೊಲಿಯುತ್ತದೆ. ಗೋಡೆ ಮುಂದೆ ಕಂಬ, ಮರ ಇದ್ದರೆ ಅವು ಮಾತ್ರ ಎರಡೆರಡಾಗಿ ಅಥವಾ ತುಂಡಾಗಿ ಬರುತ್ತವೆ.

ಸುಮಾ_ಎಚ್

ಒಂದು ಅನುಮಾನ. ಸಾರ್ವಜನಿಕ ಜಾಗದ ಚಿತ್ರ ತಾನೇ, ಫೋಟೋ ತೆಗೆದು ಮಾರಬಹುದಾ? ಪ್ರಿಂಟ್ ಮಾಡಿ ಮಾರುವವರನ್ನು ನೋಡಿದ್ದೇನೆ.

ಕಾನೂನುಕಟ್ಟೆ

ಸಾರ್ವಜನಿಕ ಜಾಗ ಎಂದ ಮಾತ್ರಕ್ಕೆ ಚಿತ್ರ ಸಾರ್ವಜನಿಕರದ್ದಾಗುವುದಿಲ್ಲ. ಹಕ್ಕುಸ್ವಾಮ್ಯ ಬರೆದವರದ್ದು. ವಿನಾಯಿತಿ ಎಷ್ಟು ಎಂಬುದು ದೇಶದಿಂದ ದೇಶಕ್ಕೆ ಬೇರೆ. ಜರ್ಮನಿಯಲ್ಲಿ ಬೀದಿಯಲ್ಲಿ ಶಾಶ್ವತವಾಗಿ ಇರುವ ಕಲಾಕೃತಿಯ ಫೋಟೋವನ್ನು ಮಾರಾಟಕ್ಕೂ ಬಳಸಬಹುದು, ಅದರಲ್ಲಿ ಗೋಡೆ ಚಿತ್ರವೂ ಸೇರುತ್ತದೆ. ಬ್ರಿಟನ್ನಿನ 1988ರ ಕಾಯ್ದೆಯ ವಿನಾಯಿತಿ ಕಟ್ಟಡ, ಶಿಲ್ಪ, ಕುಶಲಕಲೆಗೆ ಮಾತ್ರ, ಚಿತ್ರಕ್ಕೆ ಇಲ್ಲ. ಭಾರತದ 1957ರ ಕಾಯ್ದೆಯ 52ನೇ ಕಲಮೂ ಹೆಚ್ಚುಕಮ್ಮಿ ಹಾಗೆಯೇ, ಶಿಲ್ಪ, ಕಟ್ಟಡಗಳಿಗೆ ಸಿಗುವ ಸಡಿಲಿಕೆ ಗೋಡೆ ಮೇಲಿನ ಚಿತ್ರಕ್ಕೆ ಸಿಗುವುದಿಲ್ಲ. ಫ್ರಾನ್ಸಿನಲ್ಲಿ 2016ರಲ್ಲಿ ಬಂದ ವಿನಾಯಿತಿ ಕಟ್ಟಡ, ಶಿಲ್ಪಕ್ಕೆ ಮಾತ್ರ, ಅದೂ ವ್ಯಾಪಾರಕ್ಕಲ್ಲದ ಬಳಕೆಗೆ.

ಸುತ್ತಲಿನ ಬೀದಿಯ ಜೊತೆ ಚಿತ್ರ ಸಣ್ಣದಾಗಿ ಬಂದಿದ್ದರೆ ಒಂದು ಮಾತು, ಚಿತ್ರವನ್ನೇ ಫ್ರೇಮ್ ತುಂಬಿಸಿ ಪೋಸ್ಟರ್ ಮಾಡಿ ಮಾರಿದರೆ ಬೇರೆ ಮಾತು. ಎರಡನೆಯದಕ್ಕೆ ಬರೆದವರ ಒಪ್ಪಿಗೆ ಪಡೆಯಿರಿ.

ಗೇಟಿನಮನೆ

ಕದ್ದು ಬರೆದ ಗೋಡೆಗೂ ಹಕ್ಕುಸ್ವಾಮ್ಯನಾ? ಇದು ಯಾವ ನ್ಯಾಯ?

ಕಾನೂನುಕಟ್ಟೆ

ಅದೇ ಪ್ರಶ್ನೆ 2018ರಲ್ಲಿ ಅಮೆರಿಕದ ಕೋರ್ಟಿಗೂ ಹೋಗಿತ್ತು. ಎಚ್ ಆ್ಯಂಡ್ ಎಂ ಬಟ್ಟೆ ಕಂಪನಿಯ ಜಾಹೀರಾತಿನಲ್ಲಿ ರೆವೊಕ್ ಎಂಬ ಕಲಾವಿದರ ಗ್ರಾಫಿಟಿ ಹಿನ್ನೆಲೆಯಲ್ಲಿತ್ತು. ಅವರು ಆಕ್ಷೇಪಿಸಿದಾಗ, ಕಾನೂನುಬಾಹಿರವಾಗಿ ಬರೆದದ್ದಕ್ಕೆ ಹಕ್ಕು ಇಲ್ಲ ಎಂದು ಕಂಪನಿಯೇ ಕೋರ್ಟಿಗೆ ಹೋಯಿತು. ಕಲಾವಿದರೆಲ್ಲ ತಿರುಗಿಬಿದ್ದ ಮೇಲೆ ದಾವೆ ವಾಪಸ್ ತೆಗೆದುಕೊಂಡಿತು. ಹಾಗಾಗಿ ಆ ಪ್ರಶ್ನೆಗೆ ಅಲ್ಲಿ ತೀರ್ಪು ಬರಲೇ ಇಲ್ಲ.

ಡಬ್ಬಿಸದ್ದು

ನನಗೂ ಹೀಗೆ ಆಗಿದೆ. ನನ್ನ ಮ್ಯೂರಲ್ ಒಂದು ಕಂಪನಿಯ ಕ್ಯಾಲೆಂಡರಿನಲ್ಲಿ ಬಂತು. ಕೆಳಗೆ ಫೋಟೋ ತೆಗೆದವರ ಹೆಸರು ಇತ್ತು, ನನ್ನದು ಇರಲಿಲ್ಲ. ಸಹಿ ಇದ್ದ ಮೂಲೆಯನ್ನು ನೀಟಾಗಿ ಕ್ರಾಪ್ ಮಾಡಿದ್ದರು. ಬಿಸಿಲಿನಲ್ಲಿ ಲಿಫ್ಟ್ ಮೇಲೆ ನಿಂತು ಬರೆದದ್ದು ನಾನು. ಹೊಟ್ಟೆ ಉರಿಯಿತು. ದುಡ್ಡಿನ ಮಾತು ಆಮೇಲೆ, ಹೆಸರಾದರೂ ಹಾಕಬೇಡವೇ?

ಸಹಿ ಓದಲು ಬರದಿದ್ದರೆ ಸಹಿಯ ಒಂದು ಕ್ಲೋಸಪ್ ತೆಗೆದು ಹಾಕಿ, ಗೊತ್ತಿರುವವರು ಹೇಳುತ್ತಾರೆ. ಅಲ್ಲಿಯವರೆಗೆ ‘ಕಲಾವಿದರು ತಿಳಿದಿಲ್ಲ’ ಎಂದಾದರೂ ಬರೆಯಿರಿ.

ಕಾಲುದಾರಿ

ಇದಕ್ಕೆ ನನ್ನ ಪೂರ್ತಿ ಬೆಂಬಲ. ಇಲ್ಲಿ ನೇರಗೆರೆಯವರಿಗೂ ನನಗೂ ಜಗಳ ಇಲ್ಲ. ಅವರ ಮೊದಲ ಫೋಟೋ, ಸಹಿ ಸಮೇತ, ಇನ್ನು ಮೇಲೆ ನಾನೂ ತೆಗೆಯುತ್ತೇನೆ. ಆಮೇಲೆ ನನ್ನ ದಾರಿ ನನಗೆ.

ನೇರಗೆರೆ

ನಿಮ್ಮ ಆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯುವ ಮಾತನ್ನು ನಾನೂ ಇಟ್ಟುಕೊಂಡಿದ್ದೇನೆ.

ರಾತ್ರಿಗೂಬೆ

ಜಾಗದ ಬಗ್ಗೆ ಒಂದು ಮಾತು. ಒಪ್ಪಿಗೆ ಇಲ್ಲದೆ ಬರೆದ ಚಿತ್ರವಾದರೆ ಫೋಟೋ ಹಾಕುವ ಮೊದಲು ಜಿಪಿಎಸ್ ಮಾಹಿತಿ ಅಳಿಸಿ. ಫೋಟೋದೊಳಗೆ ಜಾಗ, ಹೊತ್ತು ಎಲ್ಲ ಇರುತ್ತದೆ. ಪಾಳುಬಿದ್ದ ಕಟ್ಟಡದೊಳಗಿನ ಚಿತ್ರವಾದರಂತೂ ವಿಳಾಸ ಹಾಕಲೇಬೇಡಿ, ಮಕ್ಕಳು ಹುಡುಕಿಕೊಂಡು ಹೋಗುತ್ತಾರೆ. ರೈಲು ಹಳಿ ದಾಟಿ ಹೋಗಿ ತೆಗೆಯುವ ಕೆಲಸ ಯಾರೂ ಮಾಡಬೇಡಿ.

ಹಳೆನೆಗೆಟಿವ್

ಹಂಚುವಾಗ ಅಳಿಸಿ, ಆದರೆ ನಿಮ್ಮ ಮೂಲ ಫೈಲ್‌ನಲ್ಲಿ ದಿನಾಂಕ, ಜಾಗ ಉಳಿಸಿಕೊಳ್ಳಿ. ದಿನಾಂಕವಿಲ್ಲದ ಗೋಡೆ ಫೋಟೋಗೆ ಹತ್ತು ವರ್ಷದ ಮೇಲೆ ಅರ್ಧ ಬೆಲೆ.

ಸುಮಾ_ಎಚ್

ಗೋಡೆ ಪಕ್ಕದಲ್ಲಿ ಮಲಗಿರುವ ನಿರ್ಗತಿಕರನ್ನು ಸೇರಿಸಿ ತೆಗೆದ ಫೋಟೋಗಳಿಗೆ ಜಾಸ್ತಿ ಲೈಕ್ ಬರುತ್ತವೆ. ನನಗೆ ಅದು ನೋವು ಕೊಡುತ್ತದೆ. ಅವರನ್ನು ಯಾರೂ ಕೇಳಿರುವುದಿಲ್ಲ.

ಕಾಲುದಾರಿ

ನಿಜ ಮೇಡಂ. ಸುತ್ತಲಿನ ಬೀದಿ ಬೇಕು ಎಂದು ನಾನು ವಾದಿಸಿದ್ದು ಅದಕ್ಕಲ್ಲ. ಮಲಗಿರುವವರನ್ನು ನಾನು ತೆಗೆಯುವುದಿಲ್ಲ.

ಬಣ್ಣದಬೀದಿ

ಕೊನೆಯದಾಗಿ ಒಂದು ಪ್ರಶ್ನೆ, ಡಬ್ಬಿಸದ್ದು ಅವರಿಗೆ. ಚಿತ್ರ ಬರೆಯುತ್ತಿರುವಾಗಲೇ ಯಾರಾದರೂ ಸಿಕ್ಕರೆ ಫೋಟೋ ತೆಗೆಯಬಹುದಾ? ಹತ್ತಿರ ಹೋಗಲು ಹಿಂಜರಿಕೆಯಾಗುತ್ತದೆ.

ಡಬ್ಬಿಸದ್ದು

ಮೊದಲು ಕ್ಯಾಮೆರಾ ಕೆಳಗಿಟ್ಟು ಮಾತಾಡಿಸಿ. ನಾವು ಲಿಫ್ಟ್ ಮೇಲೆ ಇದ್ದರೆ ಕೆಳಗೆ ಬರುವವರೆಗೆ ಕಾಯಿರಿ, ಕೂಗಬೇಡಿ. ಮುಖ ಬೇಡ ಎಂದರೆ ಕೈ ತೆಗೆಯಿರಿ. ಬೆರಳಿಗೆ ಅಂಟಿದ ಬಣ್ಣ, ನೆಲದ ಮೇಲೆ ಸಾಲಾಗಿಟ್ಟ ಡಬ್ಬಿ, ಮಾಸ್ಕ್, ಗೋಡೆಗೆ ಅಂಟಿಸಿದ ಸ್ಕೆಚ್ ಹಾಳೆ, ಇವೂ ಸಾಕಷ್ಟು ಹೇಳುತ್ತವೆ. ಗಾಳಿ ಬರುವ ಕಡೆ ನಿಲ್ಲಿ, ಇಲ್ಲದಿದ್ದರೆ ಸ್ಪ್ರೇಯ ಮಂಜು ನಿಮ್ಮ ಲೆನ್ಸ್ ಮೇಲೆ ಕೂರುತ್ತದೆ, ಅದು ಒರೆಸಿದರೆ ಹೋಗುವುದಿಲ್ಲ. ಅರ್ಧ ಮುಗಿದ ಚಿತ್ರವನ್ನು ಅವತ್ತೇ ಹಂಚಬೇಡಿ, ಮುಗಿಯುವವರೆಗೆ ತಡೆಯಿರಿ. ಮತ್ತೆ, ಫೋಟೋ ಕಳಿಸುತ್ತೇನೆ ಎಂದು ಹೇಳಿ ಹೋದರೆ ದಯವಿಟ್ಟು ಕಳಿಸಿ. ದೊಡ್ಡ ಸೈಜಿನದ್ದೇ ಕಳಿಸಿ. ನಮ್ಮಲ್ಲಿ ಬಹಳ ಜನರ ಹತ್ತಿರ ತಾವು ಬರೆದದ್ದರ ಒಂದು ಒಳ್ಳೆಯ ಫೋಟೋ ಕೂಡ ಇರುವುದಿಲ್ಲ.